ಕಾಂಪೌಂಡ್ ಬಿಲ್ಲಿನ ವೇಗ, ಸದ್ದು, ಕೈಗೆ ಸಿಗುವ ಅನುಭವ: ನೀವೇ ಪರೀಕ್ಷೆ ಮಾಡುವುದು ಹೇಗೆ?

2023ರಲ್ಲಿ ಅದಿತಿ ಸ್ವಾಮಿ ಮತ್ತು ಓಜಸ್ ದೇವತಾಳೆ ಕಾಂಪೌಂಡ್ ಬಿಲ್ಲಿನಲ್ಲಿ (ತುದಿಗಳಲ್ಲಿ ಗಾಲಿಯಂಥ ಕ್ಯಾಮ್‌ಗಳಿರುವ ಬಿಲ್ಲು) ವಿಶ್ವ ಚಾಂಪಿಯನ್ ಆದರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಜ್ಯೋತಿ ಸುರೇಖಾ ವೆನ್ನಂ ಮೂರು ಚಿನ್ನ ಗೆದ್ದರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆಯೂ ಇರುತ್ತದೆ. ಹಾಗಾಗಿ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಹುಡುಗರೂ ಈ ಬಿಲ್ಲಿನ ಬಗ್ಗೆ ವಿಚಾರಿಸುತ್ತಿದ್ದಾರೆ. ಎಲ್ಲರದ್ದೂ ಮೊದಲ ಪ್ರಶ್ನೆ ಒಂದೇ: "ಅಣ್ಣಾ, ಇದು ಎಷ್ಟು ಸ್ಪೀಡ್ ಹೋಗ್ತದ?"

ಕೇಳಬೇಕಾದ ಪ್ರಶ್ನೆಯೇ. ಆದರೆ ಅದೊಂದನ್ನೇ ಕೇಳಿ ಬಿಲ್ಲು ಕೊಂಡರೆ ಆಮೇಲೆ ಕಷ್ಟ. ಹೆದೆ ಎಳೆದಾಗ ನಿಮ್ಮ ತೋಳು, ಬೆನ್ನು ಹಾಕಿದ ಶಕ್ತಿಯೆಲ್ಲ ಬಿಲ್ಲಿನ ಲಿಂಬ್‌ಗಳಲ್ಲಿ, ಅಂದರೆ ಬಾಗುವ ಎರಡು ತೋಳುಗಳಲ್ಲಿ, ಕೂಡಿಕೊಳ್ಳುತ್ತದೆ. ಹೆದೆ ಬಿಟ್ಟಾಗ ಅದರ ದೊಡ್ಡ ಪಾಲು ಬಾಣಕ್ಕೆ ಹೋಗುತ್ತದೆ. ಬಾಣ ಹೊತ್ತೊಯ್ಯದೆ ಉಳಿದದ್ದು ಸದ್ದಾಗಿ ಕಿವಿಗೆ, ನಡುಕವಾಗಿ ಅಂಗೈಗೆ ಬರುತ್ತದೆ. ಒಂದೇ ಸಂಬಳವನ್ನು ಮೂರು ಖರ್ಚಿಗೆ ಹಂಚಿದ ಹಾಗೆ ಇದು. ಒಂದು ಕಡೆ ಏನಾದರೂ ಬದಲಾದರೆ ಉಳಿದ ಎರಡೂ ಬದಲಾಗುತ್ತವೆ. ಅದಕ್ಕೇ ವೇಗ, ಸದ್ದು, ಅನುಭವ ಮೂರನ್ನೂ ಒಂದೇ ದಿನ, ಒಂದೇ ಬಾಣದಲ್ಲಿ, ನಿಮ್ಮದೇ ಎಳೆತದಲ್ಲಿ ಅಳೆಯಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಿಗುವ ಬಿಲ್ಲುಗಳಲ್ಲಿ ಹಲವನ್ನು ಹೊರದೇಶದಲ್ಲಿ ಬೇಟೆಗೆ ಅಂತಲೇ ಮಾಡಿರುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ದರೋಜಿಯ ಕರಡಿ ಇರಲಿ, ಕೊಪ್ಪಳದ ಹೊಲಗಳಲ್ಲಿ ಓಡಾಡುವ ಕೃಷ್ಣಮೃಗ ಇರಲಿ, ಅವುಗಳತ್ತ ಬಾಣ ಹೂಡುವ ಮಾತೇ ಇಲ್ಲ. ಈ ಬರಹದಲ್ಲಿ ಬೇಟೆ ಬಿಲ್ಲು ಅಂದರೆ ಚಿಕ್ಕದಾದ, ವೇಗದ, ಸದ್ದು ಕಡಿಮೆ ಮಾಡಲೆಂದು ಕಟ್ಟಿದ ಬಿಲ್ಲು ಅಂತ ಮಾತ್ರ. ನಾವು ಹೊಡೆಯುವುದು ಟಾರ್ಗೆಟ್‌ಗೆ.

ಮೊದಲು ಜಾಗ

ಈ ಬಿಲ್ಲಿನ ಬಾಣ ಸೆಕೆಂಡಿಗೆ 280 ಅಡಿ ಹೋಗುತ್ತದೆ ಅಂದುಕೊಳ್ಳಿ, ಅಂದರೆ ಗಂಟೆಗೆ 300 ಕಿಲೋಮೀಟರ್‌ಗಿಂತ ಜಾಸ್ತಿ. ಗುರಿ ತಪ್ಪಿದ ಬಾಣ ನೂರಾರು ಮೀಟರ್ ಹೋಗುತ್ತದೆ. ನಮ್ಮ ಕಡೆ ಖಾಲಿ ಹೊಲ ಅಂದುಕೊಂಡ ಜಾಗದಲ್ಲಿ ಕುರಿ ಕಾಯುವವರು ಎಲ್ಲಿಂದಲೋ ಬಂದುಬಿಡುತ್ತಾರೆ. ಆದ್ದರಿಂದ ಹಿಂದೆ ಎತ್ತರದ ಮಣ್ಣಿನ ಬದು ಅಥವಾ ದಿಬ್ಬ ಇರಲೇಬೇಕು. ಬಂಡೆಗಲ್ಲು ಮಾತ್ರ ಬೇಡ. ಆನೆಗೊಂದಿ, ಕಂಪ್ಲಿ, ಸಂಡೂರು ಸುತ್ತ ಬಂಡೆಗಳಿಗೆ ಬರವಿಲ್ಲ, ಹಿಂದೆ ದೊಡ್ಡ ಬಂಡೆ ಇದ್ದರೆ ಭದ್ರ ಅನ್ನಿಸುತ್ತದೆ. ಆದರೆ ಕಲ್ಲಿಗೆ ಬಡಿದ ಕಾರ್ಬನ್ ಬಾಣ ಸಿಡಿದು ಚೂರಾಗುತ್ತದೆ, ಇಲ್ಲವೇ ತಿರುಗಿ ಎತ್ತಲೋ ಹಾರುತ್ತದೆ.

ಭತ್ತದ ಹುಲ್ಲಿನ ಪೆಂಡಿ ಈ ವೇಗಕ್ಕೆ ಸಾಲುವುದಿಲ್ಲ, ಬಾಣ ತೂರಿಕೊಂಡು ಹೋಗುತ್ತದೆ. ಬಟ್ಟೆ ಚಿಂದಿಯನ್ನು ಚೀಲದಲ್ಲಿ ಗಟ್ಟಿಯಾಗಿ ತುಂಬಿದ ಟಾರ್ಗೆಟ್ ಚೆನ್ನಾಗಿ ಹಿಡಿಯುತ್ತದೆ. ಬಳ್ಳಾರಿಯವರಿಗೆ ಇದು ಸುಲಭ. ಜೀನ್ಸ್ ಹೊಲಿಯುವ ಊರು, ಕಟಿಂಗ್ ಚಿಂದಿ ಬೇಕಾದಷ್ಟು ಸಿಗುತ್ತದೆ. ಎರಡು ಗೋಣಿ ಚೀಲ ಒಂದರೊಳಗೊಂದು ಹಾಕಿ, ಕಾಲಿನಿಂದ ತುಳಿದು ತುಳಿದು ತುಂಬಿ, ಬಾಯಿ ಹೊಲಿಯಿರಿ. ಗುಂಡಿ, ಜಿಪ್, ರಿವೆಟ್ ಇರುವ ತುಂಡುಗಳನ್ನು ಆರಿಸಿ ತೆಗೆಯಿರಿ. ಒಂದು ಲೋಹದ ಗುಂಡಿ ಸಾಕು, ಬಾಣದ ತುದಿ ಬಗ್ಗುತ್ತದೆ. ಮೊದಲ ಕೆಲವು ಬಾಣಗಳನ್ನು ಹತ್ತಿರದಿಂದ ಹೊಡೆದು, ಎಷ್ಟು ಆಳ ಇಳಿಯುತ್ತವೆ ನೋಡಿಕೊಂಡೇ ಮುಂದುವರಿಯಿರಿ.

ಬಿಲ್ಲು ಮತ್ತು ಬಾಣವನ್ನು ಪರೀಕ್ಷೆಗೆ ತಯಾರು ಮಾಡುವುದು

ಡ್ರಾ ಲೆಂತ್, ಅಂದರೆ ಹೆದೆ ಎಳೆಯುವ ಉದ್ದ, ಸರಿಯಿಲ್ಲದ ಬಿಲ್ಲನ್ನು ಪರೀಕ್ಷೆ ಮಾಡುವುದು ದಂಡ. ಎರಡೂ ಕೈ ಅಗಲಿಸಿ ನಿಂತು, ಮಧ್ಯದ ಬೆರಳಿನ ತುದಿಯಿಂದ ತುದಿಗೆ ಇಂಚಿನಲ್ಲಿ ಅಳೆಸಿ, ಅದನ್ನು 2.5ರಿಂದ ಭಾಗಿಸಿ. 70 ಇಂಚು ಬಂದರೆ ಡ್ರಾ ಲೆಂತ್ ಸುಮಾರು 28. ಇದು ಶುರು ಮಾಡಲಿಕ್ಕೆ ಒಂದು ಅಂದಾಜು ಅಷ್ಟೆ, ಅರ್ಧ ಇಂಚು ಆಕಡೆ ಈಕಡೆ ಆಗಬಹುದು.

ಡ್ರಾ ವೇಟ್ ಅಂದರೆ ಎಳೆಯುವಾಗ ಬರುವ ಅತಿ ಹೆಚ್ಚಿನ ಭಾರ. ಬಿಲ್ಲಿನ ಮೇಲೆ ಬರೆದದ್ದನ್ನು ನಂಬಿ ಕೂರಬೇಡಿ. ಚೀಲ ತೂಗುವ ಡಿಜಿಟಲ್ ಕೊಕ್ಕೆ ತಕ್ಕಡಿಯ ಕೊಕ್ಕೆಯನ್ನು ಡಿ-ಲೂಪ್‌ಗೆ (ಹೆದೆಗೆ ಕಟ್ಟಿದ ಸಣ್ಣ ಕುಣಿಕೆ) ಸಿಕ್ಕಿಸಿ, ನಿಧಾನಕ್ಕೆ ಎಳೆದು, ಹೆಚ್ಚೆಂದರೆ ಎಷ್ಟು ತೋರಿಸಿತು ನೋಡಿ. 60 ಪೌಂಡ್ ಅಂದರೆ 27.2 ಕೆಜಿ. ಕೊಕ್ಕೆ ಜಾರಿದರೆ ಬಾಣವಿಲ್ಲದೆ ಹೆದೆ ಬಿಟ್ಟಂತಾಗಿ ಬಿಲ್ಲೇ ಒಡೆಯಬಹುದು. ಅದಕ್ಕೆ ಇದನ್ನು ಇಬ್ಬರು ಸೇರಿ ಮಾಡಿ, ಅಥವಾ ಡ್ರಾ ಬೋರ್ಡ್ (ಬಿಲ್ಲನ್ನು ಸಿಕ್ಕಿಸಿ ಎಳೆಯುವ ಹಲಗೆ) ಇರುವ ಅಕಾಡೆಮಿಯಲ್ಲಿ ಮಾಡಿಸಿ. ಸ್ಪರ್ಧೆಗೆ ಹೋಗುವ ಆಸೆ ಇದ್ದರೆ ಅಂತರರಾಷ್ಟ್ರೀಯ ಬಿಲ್ಲುಗಾರಿಕೆ ಸಂಸ್ಥೆ ವರ್ಲ್ಡ್ ಆರ್ಚರಿಯ ನಿಯಮದ ಗರಿಷ್ಠ 60 ಪೌಂಡ್. 70 ಪೌಂಡಿನ ಬೇಟೆ ಬಿಲ್ಲು ಹಿಡಿದು ಅಲ್ಲಿ ನಿಲ್ಲಲು ಬಿಡುವುದಿಲ್ಲ.

ಬಾಣದ ತೂಕ ಗ್ರೇನ್ ಲೆಕ್ಕದಲ್ಲಿ ನಡೆಯುತ್ತದೆ. ಅದಕ್ಕೆ ವಿಶೇಷ ತಕ್ಕಡಿ ಹುಡುಕಿಕೊಂಡು ಹೋಗಬೇಕಿಲ್ಲ. ಪರಿಚಯದ ಬಂಗಾರದ ಅಂಗಡಿಗೆ ಹೋಗಿ ತೂಗಿಸಿ. ಗ್ರಾಂನಲ್ಲಿ ಬಂದದ್ದನ್ನು 15.43ರಿಂದ ಗುಣಿಸಿದರೆ ಗ್ರೇನ್ ಆಯಿತು. 400 ಗ್ರೇನ್ ಬಾಣ 25.9 ಗ್ರಾಂ ತೂಗುತ್ತದೆ. ತುದಿ, ನಾಕ್ (ಹೆದೆಗೆ ಸಿಕ್ಕಿಸುವ ಹಿಂಬದಿ), ಗರಿ ಎಲ್ಲ ಸೇರಿಸಿಯೇ ತೂಗಬೇಕು. ಪರೀಕ್ಷೆಗೆ ಬಳಸುವ ಬಾಣಗಳ ನಡುವೆ ಒಂದೆರಡು ಗ್ರೇನ್‌ಗಿಂತ ಜಾಸ್ತಿ ವ್ಯತ್ಯಾಸ ಬೇಡ. ಇನ್ನೊಂದು ಮುಖ್ಯ ಮಾತು: ಬಾಣ ಪ್ರತಿ ಪೌಂಡಿಗೆ ಕನಿಷ್ಠ 5 ಗ್ರೇನ್ ಇರಬೇಕು. 60 ಪೌಂಡ್ ಬಿಲ್ಲಿಗೆ 300 ಗ್ರೇನ್‌ಗಿಂತ ಹಗುರ ಬಾಣ ಹಾಕಿದರೆ ಬಿಲ್ಲಿಗೆ ಪೆಟ್ಟು.

ಕೊನೆಗೆ ಪೇಪರ್ ಟ್ಯೂನ್. ಚೌಕಟ್ಟಿಗೆ ಹಾಳೆ ಅಂಟಿಸಿ, ಸುಮಾರು ಎರಡು ಮೀಟರ್ ದೂರದಿಂದ ಅದರ ಮೂಲಕ ಹೊಡೆಯಿರಿ. ಒಂದು ದುಂಡು ತೂತು, ಅದರ ಸುತ್ತ ಗರಿಗಳ ಗುರುತು ಬಂದರೆ ಸರಿ. ಹಾಳೆ ಒಂದು ಕಡೆಗೆ ಉದ್ದಕ್ಕೆ ಹರಿದರೆ ಬಾಣ ಓರೆಯಾಗಿ ಹೊರಡುತ್ತಿದೆ. ಆ ಸ್ಥಿತಿಯಲ್ಲಿ ವೇಗವೂ ಸದ್ದೂ ತಪ್ಪು ಲೆಕ್ಕ ಕೊಡುತ್ತವೆ.

ವೇಗ

ಕಂಪನಿ ಬರೆಯುವ ವೇಗ ಸುಳ್ಳಲ್ಲ, ಆದರೆ ಅದು ನಿಮ್ಮದಲ್ಲ. ಆ ಅಂಕಿಯನ್ನು ಸಾಮಾನ್ಯವಾಗಿ 70 ಪೌಂಡ್ ಎಳೆತ, 30 ಇಂಚು ಡ್ರಾ ಲೆಂತ್, 350 ಗ್ರೇನ್ ಬಾಣ ಇಟ್ಟುಕೊಂಡು ತೆಗೆದಿರುತ್ತಾರೆ. ನಮ್ಮಲ್ಲಿ ಎಷ್ಟು ಜನರಿಗೆ 30 ಇಂಚು ಬರುತ್ತದೆ ಹೇಳಿ?

ನಿಮ್ಮ ಅಂಕಿ ಅಂದಾಜು ಮಾಡುವುದು ಹೀಗೆ. ಡ್ರಾ ಲೆಂತ್ ಒಂದು ಇಂಚು ಕಡಿಮೆಯಾದರೆ ಕಂಪನಿಯ ಅಂಕಿಯಿಂದ ಸೆಕೆಂಡಿಗೆ ಸುಮಾರು 10 ಅಡಿ ಕಳೆಯಿರಿ. ಡ್ರಾ ವೇಟ್ ಒಂದು ಪೌಂಡ್ ಕಡಿಮೆಯಾದರೆ ಎರಡು ಅಡಿಯ ಹತ್ತಿರ. ಬಾಣ 3 ಗ್ರೇನ್ ಭಾರವಾದರೆ ಒಂದು ಅಡಿ. ಹೆದೆಗೆ ಪೀಪ್ ಸೈಟ್ (ಗುರಿ ನೋಡುವ ಸಣ್ಣ ತೂತು), ಡಿ-ಲೂಪ್ ಕಟ್ಟಿದರೆ ಇನ್ನೂ ಕೆಲವು ಅಡಿ. ಹಾಗಾಗಿ 335 ಅಡಿ ಎಂದು ಬರೆದ ಬಿಲ್ಲನ್ನು 28 ಇಂಚಿನವರು 60 ಪೌಂಡಿನಲ್ಲಿ, 400 ಗ್ರೇನ್ ಬಾಣದಿಂದ ಹೊಡೆದರೆ 275ರ ಆಸುಪಾಸು ಬರುತ್ತದೆ. ಬಿಲ್ಲು ಕೆಟ್ಟಿದೆ ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗುವ ಮುಂಚೆ ಈ ಲೆಕ್ಕ ಹಾಕಿ.

ನಿಜವಾದ ವೇಗಕ್ಕೆ ಕ್ರೋನೋಗ್ರಾಫ್ ಬೇಕು. ಬೆಳಕಿನ ಸೆನ್ಸರ್ ಇರುವ ಯಂತ್ರ ಬಾಣದ ನೆರಳನ್ನು ಹಿಡಿದು ಲೆಕ್ಕ ಮಾಡುತ್ತದೆ. ನಮ್ಮ ಮಧ್ಯಾಹ್ನದ ನೇರ ಬಿಸಿಲಲ್ಲಿ ಅದು ತಬ್ಬಿಬ್ಬಾಗುತ್ತದೆ. ಮೇಲೆ ಬಿಳಿ ಪರದೆ ಕಟ್ಟಿ, ಅಥವಾ ಬೆಳಗಿನ ಹೊತ್ತು ಗೋಡೆಯ ನೆರಳಿನಲ್ಲಿ ಇಡಿ. ಒಳಗೆ ಟ್ಯೂಬ್‌ಲೈಟ್ ಕೆಳಗೆ ಇಟ್ಟರೂ ಅಂಕಿ ಎಗರುತ್ತದೆ, ಆ ಬೆಳಕು ಕಣ್ಣಿಗೆ ಕಾಣದಂತೆ ಮಿನುಗುತ್ತಿರುತ್ತದೆ. ಯಂತ್ರ ನಿಮ್ಮಿಂದ ಒಂದು ಮೀಟರ್ ಮುಂದಿರಲಿ, ಎರಡೂ ಸೆನ್ಸರ್‌ಗಳ ಮಧ್ಯದಲ್ಲಿ ಬಾಣ ಮಟ್ಟಸವಾಗಿ ಹೋಗಲಿ.

ಹತ್ತು ಬಾಣ ಹೊಡೆದು ಎಲ್ಲ ಅಂಕಿ ಬರೆಯಿರಿ. ಸರಾಸರಿ ಎಲ್ಲರೂ ನೋಡುತ್ತಾರೆ. ನಾನು ಮೊದಲು ನೋಡುವುದು ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವಿನ ಅಂತರ. ಯಾಕೆ ಅಂದರೆ, 280 ಅಡಿ ವೇಗದ ಬಾಣ 50 ಮೀಟರ್ ಹೋಗುವಷ್ಟರಲ್ಲಿ ಸುಮಾರು 1.7 ಮೀಟರ್ ಕೆಳಗೆ ಬೀಳುತ್ತದೆ. ಬಿಲ್ಲಿನ ಮೇಲೆ ಗುರಿ ಹಿಡಿಯಲು ಇರುವ ಸೈಟ್ ಅದನ್ನು ಸರಿದೂಗಿಸಿರುತ್ತದೆ. ಮುಂದಿನ ಬಾಣ 277ರಲ್ಲಿ ಹೋದರೆ ಅದಕ್ಕಿಂತ ಮೂರೂವರೆ ಸೆಂಟಿಮೀಟರ್ ಕೆಳಗೆ ನಾಟುತ್ತದೆ. ಕಾಂಪೌಂಡ್ ಟಾರ್ಗೆಟ್‌ನಲ್ಲಿ 10 ಅಂಕದ ವೃತ್ತದ ಅಗಲ 8 ಸೆಂಟಿಮೀಟರ್, ಅಂದರೆ ಮಧ್ಯದಿಂದ ಅಂಚಿಗೆ ನಾಲ್ಕೇ ಸೆಂಟಿಮೀಟರ್. ಬರೀ ಮೂರು ಅಡಿ ವೇಗದ ಏರುಪೇರು ನಿಮ್ಮನ್ನು ಹತ್ತರ ಅಂಚಿಗೆ ತಳ್ಳುತ್ತದೆ! 300 ಅಡಿ ಹೋಗಿ ಹತ್ತು ಅಡಿ ಏರುಪೇರಾಗುವ ಬಿಲ್ಲಿಗಿಂತ, 270ರಲ್ಲಿ ಎರಡು ಅಡಿಯೊಳಗೆ ನಿಲ್ಲುವ ಬಿಲ್ಲೇ ನನಗೆ ಬೇಕು.

ಅಂತರ ಜಾಸ್ತಿ ಬಂದರೆ ತಪ್ಪು ಬಿಲ್ಲಿನದ್ದೋ ನಿಮ್ಮದೋ? ಒಂದು ಉಪಾಯ ಇದೆ. ಪಳಗಿದ ಇನ್ನೊಬ್ಬರಿಂದ ಅದೇ ಬಿಲ್ಲು, ಅದೇ ಬಾಣ ಹೊಡೆಸಿ. ಅವರಿಗೆ ಅಂತರ ಕಡಿಮೆ ಬಂದರೆ ನೀವು ಪೂರ್ತಿ ಎಳೆದ ಮೇಲೆ ಹೆದೆಯನ್ನು ತುಸು ಮುಂದಕ್ಕೆ ಬಿಟ್ಟುಕೊಡುತ್ತಿದ್ದೀರಿ ಎಂದರ್ಥ. ಅದು ಅಭ್ಯಾಸದಿಂದ ಹೋಗುತ್ತದೆ.

ಶಕ್ತಿಯ ಲೆಕ್ಕವನ್ನೂ ಹಾಕಿ. ಬಾಣದ ಗ್ರೇನ್ ತೂಕವನ್ನು ವೇಗದಿಂದ ಎರಡು ಸಲ ಗುಣಿಸಿ, 450240ರಿಂದ ಭಾಗಿಸಿ. 400 ಗ್ರೇನ್, 275 ಅಡಿಗೆ ಸುಮಾರು 67 ಫುಟ್-ಪೌಂಡ್. ಇದನ್ನು ಎರಡು ತೂಕದ ಬಾಣಗಳಲ್ಲಿ ಮಾಡಿ ನೋಡಿ. ಭಾರದ ಬಾಣ ನಿಧಾನ ಹೋದರೂ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ ಶಕ್ತಿ ಹೊತ್ತೊಯ್ಯುತ್ತದೆ. ಆಗ ಬಿಲ್ಲಿನಲ್ಲಿ ಉಳಿಯುವುದು ಕಡಿಮೆ. ಮುಂದಿನ ಎರಡು ಪರೀಕ್ಷೆಗಳಲ್ಲಿ ಇದು ನಿಮ್ಮ ಕಿವಿಗೂ ಕೈಗೂ ಗೊತ್ತಾಗುತ್ತದೆ.

ಸದ್ದು

ಬೇಟೆ ಇರುವ ದೇಶಗಳಲ್ಲಿ ಸದ್ದಿಗೆ ಯಾಕೆ ಅಷ್ಟು ತಲೆಕೆಡಿಸಿಕೊಳ್ಳುತ್ತಾರೆ ಅಂದರೆ, ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ, ಬಾಣ 85 ಮೀಟರ್. ಬಾಣ ಮುಟ್ಟುವ ಮುಂಚೆಯೇ ಪ್ರಾಣಿ ಬೆಚ್ಚುತ್ತದೆ. ಟಾರ್ಗೆಟ್ ಬೆಚ್ಚುವುದಿಲ್ಲ, ನಿಜ. ಆದರೂ ಸದ್ದು ನಮಗೂ ಬೇಕಾದ ಮಾಹಿತಿ. ಎಲ್ಲೋ ಸ್ಕ್ರೂ ಸಡಿಲವಾಗಿದೆ, ಬಾಣ ತನ್ನನ್ನು ಹೊರುವ ರೆಸ್ಟ್‌ಗೆ ತಾಗುತ್ತಿದೆ, ಕ್ಯಾಮ್‌ಗಳು ಒಟ್ಟಿಗೆ ತಿರುಗುತ್ತಿಲ್ಲ ಎನ್ನುವುದನ್ನು ಸದ್ದು ಮೊದಲು ಹೇಳುತ್ತದೆ.

ಅಳೆಯಲು ಮೊಬೈಲ್‌ನ ಡೆಸಿಬಲ್ ಆ್ಯಪ್ ಸಾಕು. ಫೋನಿನ ಮೈಕ್ ದಿಢೀರ್ ಸದ್ದನ್ನು ಪೂರ್ತಿ ಹಿಡಿಯುವುದಿಲ್ಲ, ಹಾಗಾಗಿ ಬಂದ ಅಂಕಿಯನ್ನು ಬೇರೆಯವರ ಅಂಕಿಯ ಜೊತೆ ಹೋಲಿಸಬೇಡಿ. ಒಂದೇ ಫೋನು, ಒಂದೇ ಜಾಗ, ಎರಡು ಬಿಲ್ಲು. ಆಗ ಹೋಲಿಕೆ ಸರಿ. ಫೋನನ್ನು ಸ್ಟ್ಯಾಂಡ್ ಮೇಲೆ ನಿಮ್ಮ ಕಿವಿಯ ಎತ್ತರಕ್ಕೆ, ಪಕ್ಕಕ್ಕೆ ಒಂದು ಮೀಟರ್ ದೂರದಲ್ಲಿ ಇಟ್ಟು, ಆ್ಯಪ್‌ನಲ್ಲಿ ಗರಿಷ್ಠ ಅಂಕಿ ನೋಡಿ. ಬೆಳಗಿನ ಜಾವ ಒಳ್ಳೆಯದು. ಗಂಗಾವತಿ ಕಡೆ ರೈಸ್ ಮಿಲ್ ಶುರುವಾದ ಮೇಲೆ, ಬಳ್ಳಾರಿಯ ಹೆದ್ದಾರಿ ಬದಿಯಲ್ಲಿ ಲಾರಿ ಓಡುವಾಗ ಇದೆಲ್ಲ ಸುಮ್ನೆ ಶ್ರಮ. ಬಂಡೆಗಳ ನಡುವೆಯೂ ಬೇಡ, ಸದ್ದು ತಿರುಗಿ ಬಂದು ಅಂಕಿ ಏರುತ್ತದೆ. ಬಯಲಿನ ಎರೆಹೊಲ ಚೆನ್ನ.

ಟಾರ್ಗೆಟ್ 20 ಮೀಟರ್ ದೂರ ಇರಲಿ. ತೀರಾ ಹತ್ತಿರ ಇಟ್ಟರೆ ಬಾಣ ಚೀಲಕ್ಕೆ ಬಡಿದ ಸದ್ದೂ ಬಿಲ್ಲಿನ ಸದ್ದೂ ಒಂದರ ಮೇಲೊಂದು ಬೀಳುತ್ತವೆ. 20 ಮೀಟರ್‌ನಲ್ಲಿ ಅವೆರಡರ ನಡುವೆ ಕಾಲು ಸೆಕೆಂಡಿಗೂ ಹೆಚ್ಚು ಬಿಡುವು ಸಿಗುತ್ತದೆ. ರೆಕಾರ್ಡ್ ಮಾಡಿ ಅಲೆಯ ಚಿತ್ರ ನೋಡಿದರೆ ಎರಡು ಮೊನೆಗಳು ಬೇರೆ ಬೇರೆ ಕಾಣುತ್ತವೆ. ಮೊದಲನೆಯದು ಬಿಲ್ಲು.

3 ಡೆಸಿಬಲ್ ಜಾಸ್ತಿ ಅಂದರೆ ಸದ್ದಿನ ಶಕ್ತಿ ಎರಡು ಪಟ್ಟು, ಆದರೆ ಕಿವಿಗೆ ಅಷ್ಟು ಗೊತ್ತಾಗುವುದಿಲ್ಲ. ಕಿವಿಗೆ ಎರಡು ಪಟ್ಟು ಅನ್ನಿಸಲು 10 ಡೆಸಿಬಲ್ ಬೇಕು. ಒಂದೆರಡು ಡೆಸಿಬಲ್ ವ್ಯತ್ಯಾಸಕ್ಕೆ ಬಿಲ್ಲು ಬದಲಿಸುವುದರಲ್ಲಿ ಅರ್ಥವಿಲ್ಲ. ಅಂಕಿಗಿಂತ ದನಿಯ ಬಗೆ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. "ಧಬ್" ಎಂದು ಮಂದವಾಗಿ ಮುಗಿದರೆ ಒಳ್ಳೆಯದು. "ಟಣ್" ಎಂದು ಎಳೆದರೆ, ಕೊನೆಯಲ್ಲಿ ಜುಂಯ್ ಅಂತ ಗುಂಯ್‌ಗುಟ್ಟಿದರೆ ಹುಡುಕಬೇಕು.

ಹುಡುಕುವುದು ಹೀಗೆ. ಬಿಲ್ಲನ್ನು ಎಳೆಯದೆ ಕೈಯಲ್ಲಿ ಹಿಡಿದು, ಹೆದೆಯನ್ನು ಬೆರಳಿನಿಂದ ಮೆಲ್ಲಗೆ ಮೀಟಿ. ಸಡಿಲ ಇರುವ ಭಾಗ ಗುಂಯ್‌ಗುಡುತ್ತದೆ. ಒಂದೊಂದೇ ಭಾಗವನ್ನು ಕೈಯಿಂದ ಒತ್ತಿ ಹಿಡಿದು ಮತ್ತೆ ಮೀಟಿ. ಎಲ್ಲಿ ಒತ್ತಿದಾಗ ಸದ್ದು ನಿಂತಿತೋ ಅಲ್ಲೇ ದೋಷ. ಬಿಲ್ಲಿಗೆ ಕಟ್ಟಿದ ಬತ್ತಳಿಕೆ, ಸೈಟ್‌ನ ಸ್ಕ್ರೂ, ಸ್ಟೆಬಿಲೈಸರ್‌ನ (ಬಿಲ್ಲು ಅಲ್ಲಾಡದಂತೆ ಕಟ್ಟುವ ಕೋಲು) ಬುಡ, ಇವು ಮೂರು ಹಳೇ ಅಪರಾಧಿಗಳು. ಆಲನ್ ಕೀಯಿಂದ ಬಿಗಿ ಮಾಡಿ. ಆಮೇಲೆ ಹೆದೆ ಮುಂದೆ ಬಂದು ನಿಲ್ಲುವ ರಬ್ಬರ್ ಸ್ಟಾಪ್ ನೋಡಿ, ಅದು ಹೆದೆಗೆ ಹೆಚ್ಚು ಕಡಿಮೆ ತಾಗಿಕೊಂಡಂತೆ ಇರಬೇಕು. ಇಷ್ಟಾದ ಮೇಲೂ ಸದ್ದಿದ್ದರೆ ಹೆದೆಗೆ ರಬ್ಬರ್ ಡ್ಯಾಂಪರ್ ಹಾಕಬಹುದು, ಆದರೆ ಅದರ ತೂಕ ಕೆಲವು ಅಡಿ ವೇಗ ತಿನ್ನುತ್ತದೆ. ಹಾಕಿದ ಮೇಲೆ ಮತ್ತೆ ಕ್ರೋನೋಗ್ರಾಫ್ ಮುಂದೆ ನಿಲ್ಲಿ.

ಕೈಗೆ ಸಿಗುವ ಅನುಭವ

ಇದಕ್ಕೆ ಯಂತ್ರ ಇಲ್ಲ. ಹಾಗಂತ "ಚೆನ್ನಾಗಿದೆ" ಅಂದು ಮುಗಿಸುವ ವಿಷಯವೂ ಅಲ್ಲ. ಭಾಗ ಭಾಗವಾಗಿ ಗಮನಿಸಬೇಕು.

ಎಳೆತದಿಂದ ಶುರು ಮಾಡಿ. ಕುರ್ಚಿಯ ಮೇಲೆ ಕೂತು, ಬಾಣ ಹೂಡಿ, ಟಾರ್ಗೆಟ್ ಕಡೆಗೇ ಗುರಿಯಿಟ್ಟು ನೇರವಾಗಿ ಎಳೆಯಿರಿ. ಬಿಲ್ಲನ್ನು ಆಕಾಶಕ್ಕೆ ಎತ್ತಿದರೆ ಮಾತ್ರ ಎಳೆಯಲಾಗುತ್ತಿದೆ ಅಂದರೆ ಭಾರ ಜಾಸ್ತಿಯಾಗಿದೆ, ಕಡಿಮೆ ಮಾಡಿಸಿ. ವೇಗದ ಬಿಲ್ಲುಗಳಲ್ಲಿ ಭಾರ ಥಟ್ಟನೆ ಏರಿ, ಕೊನೆವರೆಗೂ ಹಾಗೇ ಇದ್ದು, ಆಮೇಲೆ ಗುಂಡಿಗೆ ಬಿದ್ದಂತೆ ಒಮ್ಮೆಲೇ ಇಳಿಯುತ್ತದೆ. ಮೆತ್ತನೆಯ ಕ್ಯಾಮ್‌ನಲ್ಲಿ ಏರೂ ಇಳಿತವೂ ನಿಧಾನ. ವೇಗಕ್ಕೆ ಕೊಡುವ ಬೆಲೆಯನ್ನು ಮೊದಲು ವಸೂಲಿ ಮಾಡುವುದು ನಿಮ್ಮ ಭುಜದಿಂದಲೇ.

ಪೂರ್ತಿ ಎಳೆದಾಗ ಕೈಯಲ್ಲಿ ಉಳಿಯುವ ಭಾರ ಲೆಟ್-ಆಫ್ ಮೇಲೆ, ಅಂದರೆ ಕೊನೆಯಲ್ಲಿ ಭಾರದ ಎಷ್ಟು ಪಾಲು ಇಳಿಯುತ್ತದೆ ಎನ್ನುವುದರ ಮೇಲೆ, ನಿಂತಿದೆ. 60 ಪೌಂಡ್ ಬಿಲ್ಲಿಗೆ ಲೆಟ್-ಆಫ್ ಶೇಕಡಾ 80 ಇದ್ದರೆ ಉಳಿಯುವುದು 12 ಪೌಂಡ್. ಈ ಹಂತದಲ್ಲಿ ಹೆದೆಯನ್ನು ಹುಷಾರಾಗಿ ಅರ್ಧ ಸೆಂಟಿಮೀಟರ್ ಮುಂದಕ್ಕೆ ಬಿಟ್ಟುಕೊಟ್ಟು ನೋಡಿ. ಕೆಲವು ಬಿಲ್ಲು ಸುಮ್ಮನಿರುತ್ತವೆ. ಕೆಲವು ತಕ್ಷಣ ನಿಮ್ಮ ಕೈಯನ್ನು ಜಗ್ಗಿಕೊಂಡು ಹೊರಡಲು ನೋಡುತ್ತವೆ. ಹೊಸಬರಿಗೆ ಆ ಎರಡನೇ ಬಗೆ ಬೇಡ. ಹಿಂದಕ್ಕೆ ಎಳೆದು ನಿಂತಾಗ ತಡೆ ಗೋಡೆಯಂತೆ ಗಟ್ಟಿಯಾಗಿ ಸಿಗುತ್ತದೋ, ಮೆತ್ತಗೆ ಹಿಗ್ಗುತ್ತದೋ ಅದನ್ನೂ ನೋಡಿ. ಗಟ್ಟಿ ತಡೆ ಇದ್ದರೆ ಪ್ರತಿ ಬಾಣಕ್ಕೂ ಎಳೆತ ಒಂದೇ ಆಗುತ್ತದೆ, ವೇಗದ ಏರುಪೇರು ಕಡಿಮೆಯಾಗುತ್ತದೆ.

ಈಗ ಕಣ್ಣು ಮುಚ್ಚಿ ಎಳೆದು, ಹೆದೆ ಕೆನ್ನೆಗೆ ತಾಗಿದ ಮೇಲೆ ಕಣ್ಣು ಬಿಡಿ. ಬೆರಳು ಹೆದೆ ಬಿಡಿಸುವ ಸಾಧನದ ಟ್ರಿಗರ್ ಮೇಲೆ ಇರಬಾರದು. ಪೀಪ್ ಸೈಟ್ ಕಣ್ಣಿನ ನೇರಕ್ಕೆ ಇದೆಯಾ? ಕತ್ತು ಬಗ್ಗಿಸಿ ಹುಡುಕಬೇಕಾದರೆ ಪೀಪ್ ಅಥವಾ ಡ್ರಾ ಲೆಂತ್ ಸರಿಪಡಿಸಿ. ಬೇಟೆ ಬಿಲ್ಲಿನಲ್ಲಿ ಇದು ಹೆಚ್ಚು ಕಾಡುತ್ತದೆ. ಅವು ಒಂದು ಕ್ಯಾಮ್‌ನ ಆಕ್ಸಲ್‌ನಿಂದ ಇನ್ನೊಂದರ ಆಕ್ಸಲ್‌ಗೆ 30 ಇಂಚಿನ ಆಸುಪಾಸು ಇರುತ್ತವೆ, ಎಳೆದಾಗ ಹೆದೆಯ ಕೋನ ಚೂಪಾಗುತ್ತದೆ. ಸ್ಪರ್ಧೆಯ ಬಿಲ್ಲು 36ರಿಂದ 40 ಇಂಚು, ಮುಖಕ್ಕೆ ಸಲೀಸಾಗಿ ಕೂರುತ್ತದೆ.

ಗುರಿ ಹಿಡಿದು 20 ಸೆಕೆಂಡ್ ನಿಲ್ಲಿ. ಸೈಟ್‌ನ ಚುಕ್ಕೆ ಎಲ್ಲರಿಗೂ ಅಲ್ಲಾಡುತ್ತದೆ. ಸಣ್ಣ ಸುತ್ತಿನಲ್ಲಿ ನಿಧಾನವಾಗಿ ತೇಲಿದರೆ ಸರಿ. ಕೆಳಕ್ಕೆ ಜಾರುತ್ತಲೇ ಇದ್ದರೆ ಬಿಲ್ಲಿನ ಮುಂಭಾಗದ ತೂಕ ಜಾಸ್ತಿ. ಜರ್ ಜರ್ ಅಂತ ಎಗರಿದರೆ ಬಿಲ್ಲು ನಿಮಗೆ ತೀರಾ ಹಗುರ, ಅಥವಾ ಎಳೆತ ತೀರಾ ಭಾರ.

ಬಾಣ ಬಿಟ್ಟ ಮೇಲಿನ ಕ್ಷಣವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ, ಎಲ್ಲರ ಕಣ್ಣು ಟಾರ್ಗೆಟ್ ಮೇಲೆ. ನೀವು ಬಿಲ್ಲಿನ ಕೈಯನ್ನು ಗಮನಿಸಿ. ಹಿಡಿಯನ್ನು ಬಿಗಿಯದೆ, ಕೈಗೆ ಪಟ್ಟಿ ಹಾಕಿಕೊಂಡು, ಬೆರಳು ಸಡಿಲ ಬಿಡಿ. ಬಿಲ್ಲು ನೇರ ಮುಂದಕ್ಕೆ ಹೋಗಬೇಕು. ಮೇಲಕ್ಕೆ ಹಾರಿದರೆ, ಎಡಕ್ಕೋ ಬಲಕ್ಕೋ ತಿರುಚಿದರೆ ಹಿಡಿತ ಅಥವಾ ತೂಕದ ಸಮತೋಲ ಸರಿಯಿಲ್ಲ. ಮೊಣಕೈವರೆಗೆ ಝುಮ್ ಎಂದು ನಡುಕ ಬಂದರೆ ಭಾರದ ಬಾಣ ಹಾಕಿ ಮತ್ತೊಮ್ಮೆ ಹೊಡೆಯಿರಿ. ನಡುಕ ಕಡಿಮೆಯಾದರೆ ನಿಮ್ಮ ಬಾಣ ಹಗುರವಾಗಿತ್ತು. ಆಗದಿದ್ದರೆ ಅದು ಆ ಬಿಲ್ಲಿನ ಸ್ವಭಾವ, ಪ್ರತಿದಿನ ಅದರ ಜೊತೆ ಬಾಳಬೇಕಾದವರು ನೀವು.

ಎರಡು ಬಿಲ್ಲುಗಳ ನಡುವೆ ಆಯ್ಕೆ ಇದ್ದರೆ ಹೆಸರು ಕಾಣದಂತೆ ಟೇಪ್ ಸುತ್ತಿ. ಗೆಳೆಯರೊಬ್ಬರು ತಮಗೆ ತೋಚಿದ ಸರದಿಯಲ್ಲಿ ಕೈಗೆ ಕೊಡಲಿ, ಬೆಲೆ ಹೇಳದಿರಲಿ. ಪ್ರತಿ ಆರು ಬಾಣಕ್ಕೆ ಎಳೆತ, ತಡೆ, ನಿಲುವು, ನಡುಕ ಇವಕ್ಕೆ ಐದರಲ್ಲಿ ಅಂಕ ಬರೆಯಿರಿ. ದುಬಾರಿ ಬಿಲ್ಲು ಅಂತ ಗೊತ್ತಾದ ಕೂಡಲೇ ನಡುಕವೂ ಮೆತ್ತಗೆ ಅನ್ನಿಸುತ್ತದೆ, ಅಲ್ವಾ? ಸುಸ್ತಾದ ಮೇಲಿನ ಕೊನೆಯ ಆರು ಬಾಣಗಳಿಗೆ ಜಾಸ್ತಿ ಬೆಲೆ ಕೊಡಿ. ಮೊದಲ ಆರರಲ್ಲಿ ಎಲ್ಲ ಬಿಲ್ಲೂ ಚೆನ್ನಾಗಿರುತ್ತವೆ.

ನಮ್ಮ ಬಿಸಿಲು, ನಮ್ಮ ಧೂಳು

ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಬಿಲ್ಲು ಬಿಟ್ಟು ಹೋಗಬೇಡಿ. ಹೆದೆ ಹಿಗ್ಗುತ್ತದೆ, ಮೇಣ ಕರಗುತ್ತದೆ, ಲಿಂಬ್‌ನ ಪದರ ಬಿಡುವ ಅಪಾಯವೂ ಇದೆ. ಹೆದೆ ಸ್ವಲ್ಪ ಹಿಗ್ಗಿದರೂ ಕ್ಯಾಮ್‌ಗಳ ಹೊಂದಾಣಿಕೆ ತಪ್ಪಿ, ಪೀಪ್ ತಿರುಗಿ, ಬೆಳಿಗ್ಗೆ ಬರೆದ ಅಂಕಿಗಳೆಲ್ಲ ವ್ಯರ್ಥ. ಎರಡು ಬಿಲ್ಲು ಹೋಲಿಸುವಾಗ ಎರಡನ್ನೂ ಒಂದೇ ಹೊತ್ತಿನಲ್ಲಿ, ಒಂದೇ ನೆರಳಲ್ಲಿ ಇಟ್ಟು ಹೋಲಿಸಿ.

ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳು ಕ್ಯಾಮ್‌ನ ಆಕ್ಸಲ್ ಹತ್ತಿರ ಕೂತರೆ ಕಿರಕಿರ ಸದ್ದು ಬರುತ್ತದೆ, ಹೆದೆಯ ಎಳೆಗಳನ್ನೂ ಸವೆಸುತ್ತದೆ. ಒಣ ಬ್ರಷ್‌ನಿಂದ ಒರೆಸಿ, ಹೆದೆಗೆ ಮೇಣ ಹಚ್ಚಿ, ಆಮೇಲೆ ಪರೀಕ್ಷೆ. ಮುನಿರಾಬಾದ್ ಡ್ಯಾಂ ಹಿನ್ನೀರಿನ ಬಯಲಲ್ಲಿ ಗಾಳಿ ಜೋರು. ವೇಗ ಅಳೆಯಲು ಅದರಿಂದ ತೊಂದರೆಯಿಲ್ಲ, ಆದರೆ ಸದ್ದು ಮತ್ತು ನಿಲುವಿನ ಪರೀಕ್ಷೆಗೆ ಆ ಜಾಗ ಆಗುವುದಿಲ್ಲ.

ಹೊಸ ಬಿಲ್ಲಿನ ಹೆದೆ ಮೊದಲ ನೂರಿನ್ನೂರು ಬಾಣಗಳಲ್ಲಿ ಸ್ವಲ್ಪ ಹಿಗ್ಗಿ ಕೂರುತ್ತದೆ. ಅದಾದ ಮೇಲೆ ವೇಗ, ಸದ್ದು, ಡ್ರಾ ವೇಟ್ ಮೂರನ್ನೂ ಮತ್ತೆ ಅಳೆದು, ಹಳೆಯ ಅಂಕಿಯ ಪಕ್ಕದಲ್ಲೇ ಬರೆದಿಡಿ. ಹೆದೆಯ ಪಕ್ಕದ ಕೇಬಲ್ ಕ್ಯಾಮ್‌ಗೆ ತಾಗುವ ಜಾಗದಲ್ಲಿ ಬಿಳಿ ಪೆನ್ನಿನಿಂದ ಒಂದು ಸಣ್ಣ ಗೆರೆ ಎಳೆಯಿರಿ. ಪ್ರತಿ ಸಲ ಬಾಣ ಹೂಡುವ ಮುಂಚೆ ಆ ಗೆರೆ ನೋಡಿ. ಅದು ಸರಿದಿದ್ದರೆ ಅಂದು ಹೊಡೆಯಬೇಡಿ, ಬೋ ಪ್ರೆಸ್ (ಲಿಂಬ್ ಒತ್ತಿ ಹೆದೆ ಸಡಿಲಿಸುವ ಯಂತ್ರ) ಇರುವವರ ಹತ್ತಿರ ಒಯ್ದು ಸರಿಮಾಡಿಸಿ.